ಹಳ್ಳದ ಈಚೆ ಉಳಿದ ಎತ್ತು

ಅನಿಲ ತನ್ನ ಸ್ವಂತ ಎತ್ತನ್ನೇ ಕದ್ದುಕೊಂಡು ಹೋಗುತ್ತಿದ್ದಾನೆಂದು ಸುನಂದಾ ಅವನನ್ನು ಹಿಡಿದದ್ದು ತಾಂಬಾದ ಹಳ್ಳದ ದಂಡೆಯಲ್ಲಿ, ನಟ್ಟ ನಡು ಹಗಲಲ್ಲಿ.

"ಹಗ್ಗ ಬಿಡ್ರಿ," ಅಂದಳು.

"ಯಾಕ್ರಿ?"

"ಈ ಎತ್ತು ಹಳ್ಳದಾಚೆ ಊರಿಂದು. ನಮ್ಮ ಕೊಟ್ಟಿಗ್ಯಾಗ ಇತ್ತು. ನೀವ್ಯಾರು ಅಂತ ನನಗ ಗೊತ್ತಿಲ್ಲ."

"ಎತ್ತಿನ ಮಾಲಕರೀ. ಪ್ರತಿ ವರ್ಷ ನಮ್ಮಪ್ಪ ಬರ್ತಿದ್ದ. ಈ ಸಲ ಮೊಣಕಾಲು ನೋವು ಅಂತ ನನ್ನ ಕಳಿಸ್ಯಾನ."

ಸುನಂದಾ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಎತ್ತು ಹೊಡೆದುಕೊಂಡು ಹೋಗಲು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರುವವರನ್ನು ಅವಳು ಕಂಡಿರಲಿಲ್ಲ. ಅಷ್ಟರಲ್ಲಿ ಎತ್ತು ತಲೆ ತಿರುಗಿಸಿ ಆ ಇಸ್ತ್ರಿ ಅಂಗಿಯ ತೋಳನ್ನು ನಿಧಾನಕ್ಕೆ ನೆಕ್ಕಿತು. ಮಾಲೀಕನೇ ಹೌದು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

"ಮಾಲಕರ ಇರ್ರಿ. ಆದ್ರ ಇವತ್ತಿಂದ ಒಂದು ದನಾನೂ ಹಳ್ಳ ದಾಟೂ ಹಂಗಿಲ್ಲ. ಊರಾಗ ಚರ್ಮಗಂಟು ರೋಗ ಬಂದೈತಿ."

ಎರಡೂ ಮನೆಗಳಲ್ಲಿ ಒಂದೊಂದೇ ಎತ್ತು. ಬಿತ್ತನೆಯ ಕಾಲಕ್ಕೆ ಎರಡನ್ನೂ ಜೊತೆ ಮಾಡಿ, ಮೊದಲು ಇವರ ಹೊಲ, ಆಮೇಲೆ ಅವರ ಹೊಲ ಎಂದು ಮುಯ್ಯಿಯ ಮೇಲೆ ದುಡಿಯುವುದು ಹಿರಿಯರ ಕಾಲದ ರೂಢಿ. ಸುನಂದಾಳ ಅಪ್ಪ ಶ್ರೀಶೈಲಪ್ಪನ ಹೊಲದಲ್ಲಿ ಬಿಳಿಜೋಳದ ಬಿತ್ತನೆ ಮುಗಿದಿತ್ತು. ಈಗ ಅನಿಲನ ಸರದಿ; ಅವನ ಎತ್ತು ಮೊದಲು, ಶ್ರೀಶೈಲಪ್ಪನದು ಅದರ ಹಿಂದೆ ಹಳ್ಳ ದಾಟಬೇಕಿತ್ತು.

"ಮತ್ತ ನಮ್ಮ ಹೊಲದ ಗತಿ?"

"ಹೊಲ ಎಲ್ಲಿ ಓಡಿ ಹೋಗ್ತೈತ್ರಿ. ರೋಗ ಓಡಿ ಬರ್ತೈತಿ. ನಿಮ್ಮ ಊರಾಗಿನ ದನ ಚಲೋ ಇರಬೇಕೋ ಬ್ಯಾಡೋ?"

ಅವಳು ಊರಿನ ಪಶುಸಖಿ. ಪಶುವೈದ್ಯೆ ನಜಮಾ ಮೇಡಂ ಬಂದಾಗ ಮನೆಮನೆಗೆ ಕರೆದೊಯ್ಯುವುದು, ಲಸಿಕೆ ಹಾಕುವಾಗ ದನ ಹಿಡಿಸುವುದು, ಗಂಟು ಒಡೆದ ದನಗಳಿಗೆ ಬೇವು ಅರಿಶಿನ ಅರೆದು ಹಚ್ಚಿಸುವುದು ಎಲ್ಲ ಅವಳ ಕೆಲಸ. ಸಂಜೆಯಾದರೆ ಸೊಳ್ಳೆ ನೊಣ ಓಡಿಸಲು ಓಣಿಯುದ್ದಕ್ಕೂ ಬೇವಿನ ಸೊಪ್ಪಿನ ಹೊಗೆ ಹಾಕಿಸುತ್ತಿದ್ದಳು. ಅವಳ ಮಾತು ಮೀರಿ ಊರಿನಲ್ಲಿ ಒಂದು ಕರುವೂ ಗಡಿ ದಾಟುತ್ತಿರಲಿಲ್ಲ. ಅನಿಲನೂ ಹಗ್ಗ ಬಿಟ್ಟ.

ಮರುದಿನ ಮತ್ತೆ ಬಂದ. ಅದರ ಮರುದಿನವೂ.

ಕೊಟ್ಟಿಗೆಯ ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಕಲಸಿದ ನೀರಲ್ಲಿ ನೆನೆಸಿದ ಗೋಣಿಚೀಲ ಹಾಸಿತ್ತು. ಅದರ ಮೇಲೆ ಕಾಲು ಒರೆಸಿಯೇ ಒಳಗೆ ಬರಬೇಕು. ಅನಿಲ ತನ್ನ ಊರಿಗೆ ಹೋದ ಮೇಲೆ ಸ್ನಾನ ಮಾಡಿ, ಬಟ್ಟೆ ಬದಲಿಸಿಯೇ ತನ್ನ ಮನೆಯ ದನ ಮುಟ್ಟಬೇಕು. ಸುನಂದಾ ಸೊಂಟದ ಮೇಲೆ ಕೈ ಇಟ್ಟು ವಿಚಾರಣೆ ನಡೆಸುತ್ತಿದ್ದಳು.

"ನಿನ್ನಿ ಸ್ನಾನ ಮಾಡಿದ್ರ್ಯಾ?"

"ಮಾಡೇನ್ರಿ. ನಮ್ಮವ್ವ ಅಂತಾಳ, ನನ್ನ ಮಗ ದೀಪಾವಳಿಗೂ ಇಷ್ಟು ತಿಕ್ಕಿ ತೊಳ್ಕೊಂಡಾಂವ ಅಲ್ಲ ಅಂತ."

ಅವಳು ನಗು ತಡೆಯಲು ಮುಖ ಆ ಕಡೆ ತಿರುಗಿಸಿದಳು. ಕಿವಿಯ ಝುಮಕಿ ಅಲುಗಿದ್ದನ್ನು ಅವನು ನೋಡಿದ. ನಕ್ಕಳು ಅಂತ ಅವನಿಗೆ ಗೊತ್ತಾಯಿತು, ಗೊತ್ತಾಯಿತೆಂದು ಅವಳಿಗೂ ಗೊತ್ತಾಯಿತು.

ಒಂದು ದಿನ ಅವಳೇ ಕೇಳಿದಳು. "ನೆಲದ ಹದ ಆರಿ ಹೋಗ್ತೈತಿ. ಬಿತ್ತಿಗಿ ಹೆಂಗ ಮಾಡ್ತೀರಿ?"

"ಬಿತ್ತಿಗಿ ಮುಗಿದು ಒಂದು ವಾರ ಆತಲ್ಲ. ಟ್ರ್ಯಾಕ್ಟರ್ ಬಾಡಿಗಿಗೆ ತಂದೆ."

"ಮತ್ತ ದಿನಾ ಯಾಕ ಬರ್ತೀರಿ?"

"ಎತ್ತು ನೋಡಾಕ."

"ಎತ್ತು ಅಲ್ಲೈತಿ. ನೀವು ಇತ್ಲಾಗ ನೋಡಾಕತ್ತೀರಿ."

ಅನಿಲ ಎತ್ತಿನ ಕೊರಳಡಿಯ ಗಂಗೆದೊಗಲು ಸವರುತ್ತ ನಿಂತ. ಕಿವಿ ಮಾತ್ರ ಕೆಂಪಾಗಿತ್ತು. ಆ ರಾತ್ರಿ ಸುನಂದಾ ರೊಟ್ಟಿ ಬಡಿಯುತ್ತ ಎರಡು ರೊಟ್ಟಿ ಸೀಸಿದಳು. ಅವಳಿಗೆ ಅವನು ಇಷ್ಟವಾಗಿದ್ದ. ಅದನ್ನು ತನ್ನಿಂದ ತಾನು ಮುಚ್ಚಿಡುವ ಹೆಣ್ಣಲ್ಲ ಅವಳು.

ಊರಿನ ದನಗಳು ಒಂದೊಂದಾಗಿ ಚೇತರಿಸಿಕೊಂಡವು. ಗಾಯ ಒಣಗಿತು, ಮೇವು ಮುಟ್ಟದೆ ಮಲಗಿದ್ದವು ಎದ್ದು ನಿಂತವು. ಪಕ್ಕದ ಮನೆಯ ರೇಣವ್ವ ತನ್ನ ಮಣಕವನ್ನು ಸಿಂದಗಿಯ ಮಗಳ ಮನೆಗೆ ಕಳಿಸಲು ಕಾದು ಕೂತಿದ್ದಳು. ಬಾಣಂತಿ ಮಗಳ ಮನೆಯಲ್ಲಿ ಚೊಚ್ಚಲ ಕರು ಹಾಕಿ ಹಾಲಿಗೆ ಬರಬೇಕಾದ ಮಣಕ ಅದು. ಎಲ್ಲರ ಮುಖದಲ್ಲೂ ಕಳೆ ಬಂದಿತ್ತು. ಶ್ರೀಶೈಲಪ್ಪನಿಗಂತೂ ಹೊಸ ಹುರುಪು.

"ಗಡಿ ತೆರೀಲಿ, ಸಂತಿ ಚಾಲೂ ಆಗ್ಲಿ," ಅಂದ ಊಟಕ್ಕೆ ಕೂತಾಗ. "ಇನ್ನೊಂದು ಎತ್ತು ತರ್ತೇನಿ. ಇನ್ನ ಮುಂದ ಯಾರ ಹಂಗೂ ಬ್ಯಾಡ, ಮುಯ್ಯಿನೂ ಬ್ಯಾಡ."

ಸುನಂದಾಳ ಕೈಯಲ್ಲಿದ್ದ ಸಾರಿನ ಸೌಟು ಅಲ್ಲೇ ನಿಂತಿತು. ಮುಯ್ಯಿ ನಿಂತರೆ ಹಳ್ಳದಾಚೆಯ ಎತ್ತು ಬರುವುದಿಲ್ಲ. ಎತ್ತು ಬರದಿದ್ದರೆ ಅವನು ಯಾವ ನೆಪ ಹೇಳಿ ಬಂದಾನು? ರೋಗ ಹೋಗಲೆಂದು ಬೆಳಗಿನಿಂದ ಸಂಜೆಯವರೆಗೆ ಓಡಾಡಿದವಳಿಗೆ, ಅದು ಹೋಗುತ್ತಿದೆ ಅನ್ನುವಾಗ ಇನ್ನೆರಡು ದಿನ ಇರಲಿ ಅನ್ನಿಸಿತು. ತನ್ನ ಮೇಲೆ ತನಗೇ ಸಿಟ್ಟು ಬಂತು.

ನಜಮಾ ಮೇಡಂ ಕೊನೆಯ ತಪಾಸಣೆಗೆ ಬರುವ ಬೆಳಿಗ್ಗೆ, ಅನಿಲನ ಎತ್ತಿನ ಮೈ ಸವರುತ್ತಿದ್ದ ಸುನಂದಾಳ ಬೆರಳಿಗೆ ಕುತ್ತಿಗೆಯ ಮಡಿಕೆಯಲ್ಲಿ ಒಂದು ಗಂಟು ಸಿಕ್ಕಿತು.

ಕೂದಲು ಸರಿಸಿ ನೋಡಿದಳು. ಉಣ್ಣೆ ಕಚ್ಚಿ ಊದಿತ್ತು, ಉಣ್ಣೆ ಇನ್ನೂ ಅಲ್ಲೇ ಅಂಟಿಕೊಂಡಿತ್ತು. ಅದನ್ನು ಕಿತ್ತು ಬಿಸಾಡಿದರೆ ಉಳಿಯುವುದು ಬರೀ ಗಂಟು. "ಯಾಕೋ ಸಂಶಯ ಐತ್ರಿ ಮೇಡಂ" ಅಂದರೆ ಸಾಕು. ಮಾದರಿ ತೆಗೆದು ಲ್ಯಾಬಿಗೆ ಕಳಿಸುತ್ತಾರೆ, ವರದಿ ಬರುವವರೆಗೆ ಗಡಿ ಮುಚ್ಚಿರುತ್ತದೆ, ಅವನು ದಿನಾ ಬರುತ್ತಾನೆ. ಅವಳ ಮಾತನ್ನು ಮೇಡಂ ಎಂದೂ ಅನುಮಾನಿಸಿದವರಲ್ಲ. ಹಾಗೆ ಹೇಳಿಬಿಡುವ ಆಸೆ ಅವಳಿಗೆ ಆದದ್ದು ನಿಜ.

ಹೊರಗೆ ರೇಣವ್ವ ಮಣಕದ ಕೊರಳಿಗೆ ಹೊಸ ಹಗ್ಗ ಕಟ್ಟುತ್ತ ಅದರ ಜೊತೆ ಮಾತಾಡುತ್ತಿದ್ದಳು.

ಮೇಡಂ ಬಂದಾಗ ಅನಿಲನೂ ಕಾಲು ಒರೆಸಿಕೊಂಡು ಒಳಗೆ ಬಂದ.

"ಮೇಡಂ, ಇಲ್ಲೊಂದು ಗಂಟು ಐತ್ರಿ," ಅಂದಳು ಸುನಂದಾ. "ಉಣ್ಣಿ ಕಚ್ಚಿದ್ದು. ಉಣ್ಣಿ ಇನ್ನೂ ಅಲ್ಲೇ ಐತಿ, ನೀವೂ ನೋಡ್ರಿ."

ಮೇಡಂ ಕನ್ನಡಕ ಏರಿಸಿ ನೋಡಿದರು. ಎತ್ತಿಗೆ ಜ್ವರ ಇದೆಯೇ ಎಂದು ನೋಡಿದರು, ಮೈಯೆಲ್ಲ ಸವರಿದರು. "ಉಣ್ಣಿನೇ. ಬೇರೆ ಏನಿಲ್ಲ. ಉಳಿದ ಮನಿ ಎಲ್ಲಾ ನೋಡಾಗೈತಿ, ಸುನಂದಾ. ನಿನ್ನ ಊರು ಗೆದ್ದಿತು. ಗಡಿ ತೆಗೀರಿ ಅಂತ ಹೇಳ್ತೇನಿ." ಅವಳ ಬೆನ್ನು ತಟ್ಟಿ ಹೊರಗೆ ಹೋದರು.

ಕೊಟ್ಟಿಗೆಯಲ್ಲಿ ಇಬ್ಬರೇ ಉಳಿದರು. ಅನಿಲ ತಲೆ ತಗ್ಗಿಸಿ ನಿಂತಿದ್ದ.

"ಆ ಗಂಟು ನಾ ನಿನ್ನೇನ ನೋಡಿದ್ದೆ," ಅಂದ.

"ಹೇಳಲಿಲ್ಲ ಯಾಕ?"

"ರೋಗದ್ದೇ ಆಗ್ಲಿ ಅಂತ ದೇವರಿಗೆ ಬೇಡ್ಕೊಂಡೆ. ನನ್ನ ಎತ್ತಿಗೆ ನಾನ ರೋಗ ಬೇಡಿದೆ. ರಾತ್ರಿ ಎಲ್ಲಾ ನಿದ್ದಿ ಬರಲಿಲ್ಲ." ಎತ್ತಿನ ಮುಖ ನೋಡಲೂ ಅವನಿಗೆ ನಾಚಿಕೆ. "ಗಡಿ ತೆರದ್ರ ನಿನ್ನ ನೋಡಾಕ ಹೆಂಗ ಬರಬೇಕು, ಅದ ನನಗ ತಿಳೀವಲ್ತು. ನೀ ಅಂದ್ರ ನನಗ ಭಾಳ ಇಷ್ಟ ಸುನಂದಾ."

ನೀವು ಹೋಗಿ ನೀ ಆಗಿತ್ತು. ಸುನಂದಾ ಮೊದಲು ನಕ್ಕಳು. ನಗುತ್ತ ನಗುತ್ತ ಕಣ್ಣು ಒದ್ದೆಯಾದವು. "ನನಗೂ ಹಂಗ ಅನಸಿತ್ತು. ಸಂಶಯ ಐತಿ ಅಂತ ಹೇಳಿಬಿಡೂಣು ಅಂತ. ಬಾಯಿತನಕ ಬಂದಿತ್ತು."

"ಮತ್ತ ಯಾಕ ಹೇಳಲಿಲ್ಲ?"

"ಸುಳ್ಳು ಹೇಳಿ ನಿನ್ನ ಇಟ್ಕೊಂಡು ಏನ್ ಮಾಡ್ಲಿ?"

ಮುಯ್ಯಿಯ ಎತ್ತನ್ನು ದುಡಿಸಿಕೊಂಡವರೇ ಅದರ ಮಾಲೀಕನ ಮನೆಬಾಗಿಲಿಗೆ ಮುಟ್ಟಿಸಿ ಬರಬೇಕು, ಕೋಡಿಗೆ ಎಣ್ಣೆ ಹಚ್ಚಿ, ಹೊಟ್ಟೆ ತುಂಬ ಮೇಯಿಸಿ. ಪ್ರತಿ ವರ್ಷ ಅನಿಲನ ಅಪ್ಪ, ಈ ಸಲ ಅನಿಲ ತಾವೇ ಬಂದದ್ದು ಬಿತ್ತನೆಯ ಅವಸರಕ್ಕೆ. ಈಗ ಅವಸರ ಇರಲಿಲ್ಲ. ಗಡಿ ತೆರೆದ ದಿನ ಬೆಳಿಗ್ಗೆ ಶ್ರೀಶೈಲಪ್ಪ ರುಮಾಲು ಸುತ್ತಿಕೊಂಡು ಎತ್ತು ಮುಟ್ಟಿಸಲು ಹೊರಟಾಗ ಸುನಂದಾ ಹಗ್ಗ ತನ್ನ ಕೈಗೆ ತೆಗೆದುಕೊಂಡಳು.

"ಅಪ್ಪಾ, ನಾ ಮುಟ್ಟಿಸಿ ಬರ್ತೇನಿ."

ಶ್ರೀಶೈಲಪ್ಪ ಮಗಳ ಮುಖ ನೋಡಿದ. ಅವಳು ಕಣ್ಣು ತಗ್ಗಿಸಲಿಲ್ಲ. ಬೇಲಿಯ ಹತ್ತಿರ ನಿಂತಿದ್ದ ಅನಿಲನ ಇಸ್ತ್ರಿ ಅಂಗಿಯನ್ನೂ ನೋಡಿದ. ಮಗಳು ಹೀಗೆ ಅವರ ಹೊಸ್ತಿಲಿಗೆ ಹೋದರೆ ಎರಡೂ ಊರು ಏನು ತಿಳಿಯುತ್ತದೆಂದು ಅವನಿಗೆ ಗೊತ್ತಿತ್ತು. ರುಮಾಲು ಬಿಚ್ಚಿ ಮೊಳೆಗೆ ಸಿಕ್ಕಿಸಿದ.

"ಹೋಗಿ ಬಾ. ಬಿಸಲು ಏರೂದ್ರಾಗ ಹೋಗು," ಅಂದ. ಆಮೇಲೆ ತನಗೆ ತಾನೇ ಎಂಬಂತೆ, "ಎತ್ತು ಕೊಳ್ಳೂ ಸಂತಿ ಏನು, ಮುಂದಿನ ವರ್ಷಾನೂ ಕೂಡ್ತೈತಿ."

ಎತ್ತು ಮುಂದೆ, ಸುನಂದಾ ಪಕ್ಕಕ್ಕೆ, ಅನಿಲ ಹಿಂದೆ. ಹಳ್ಳದ ನೀರು ಮೊಣಕಾಲಿಗೂ ಇರಲಿಲ್ಲ. ಅವಳು ಸೀರೆಯ ನೆರಿಗೆ ಎತ್ತಿ ದಾಟುತ್ತ ಒಮ್ಮೆ ಹಿಂದಿರುಗಿ ನೋಡಿದಳು. ಕಾಲಿಗೆ ಕಲ್ಲು ಸಿಕ್ಕು ಅನಿಲ ಮುಗ್ಗರಿಸಿದ. ಅವಳು ತುಟಿ ಕಚ್ಚಿ ಮುಂದೆ ನಡೆದಳು.

ಅನಿಲನ ಅವ್ವ ಕಸ್ತೂರೆವ್ವ ತಂಬಿಗೆ ನೀರು ಹಿಡಿದು ಹೊರಗೆ ಬಂದಳು. ಎತ್ತಿನ ಕಾಲಿಗೆ ನೀರು ಹಾಕಿ, ಹಣೆಗೆ ಕುಂಕುಮ ಹಚ್ಚಿ, ಹಗ್ಗ ಹಿಡಿದು ನಿಂತ ಹುಡುಗಿಯನ್ನು ನೋಡಿದಳು. ಮಗ ದಿನಾ ತಿಕ್ಕಿ ತಿಕ್ಕಿ ಸ್ನಾನ ಮಾಡಿದ್ದು ಯಾಕೆಂದು ಅವಳಿಗೆ ಅರ್ಥವಾಗಿರಬೇಕು.

"ಯಾರ ಪೈಕಿ ಅವ್ವಾ ನೀ?"

ಪರಿಚಯ ಹೇಳಲು ಅಪ್ಪನ ಹೆಸರಿತ್ತು, ಊರಿನ ಹೆಸರಿತ್ತು. ಅನಿಲ ಹಿಂದೆಯೇ ನಿಂತಿದ್ದ. ಸುನಂದಾ ಅವನ ಕಡೆ ನೋಡಲಿಲ್ಲ.

"ನಿಮ್ಮ ಪೈಕಿನೇ ಅನ್ಕೋರಿ ಅತ್ತಿ," ಅಂದಳು.

ಕಸ್ತೂರೆವ್ವ ತಂಬಿಗೆಯಲ್ಲಿ ಉಳಿದ ನೀರನ್ನು ಅವಳ ಕಾಲಿಗೆ ಹಾಕಿದಳು. "ಹಂಗಾರ ಹೊರಗ ಯಾಕ ನಿಂತಿ? ಒಳಗ ಬಾ."