ಫೋಟೋದ ಕೆಳಗಿನ ಅರ್ಧ

"ಫೋಟೋ ಕಳೆದುಹೋದ ಡ್ರೈವ್‌ಗೇ ಈ ರಿಕವರಿ ಸಾಫ್ಟ್‌ವೇರ್ ಹಾಕಿದೋರು ಯಾರು?"

ಕೌಂಟರಿನ ಆಚೆ ನಿಂತವನ ದನಿ ಜೋರಾಗಿರಲಿಲ್ಲ. ಆದರೂ ಸುಶ್ಮಿತಾಳ ಕಿವಿ ಬಿಸಿಯಾಯಿತು.

"ನಾನೇ..."

"ಒಂದೇ ತಾನೆ?"

"ಎರಡು." ಸ್ವಲ್ಪ ತಡೆದು ತಾನೇ ತಿದ್ದಿಕೊಂಡಳು. "ಮೂರು."

"ಚೆನ್ನಾಗಿದೆ. ಕಳ್ಳನ್ನ ಹುಡುಕೋಕೆ ಅಂತ ಅವನ ಹೆಜ್ಜೆ ಗುರುತಿನ ಮೇಲೇ ಮೂರು ಜನನ್ನ ಓಡಾಡ್ಸಿದೀರಿ."

"ಯೂಟ್ಯೂಬಲ್ಲಿ ಹಂಗೇ ಮಾಡಿ ಅಂದ್ರು. ನಂಗೇನು ಗೊತ್ತು? ಗೊತ್ತಿದ್ದಿದ್ರೆ ಇದನ್ನ ಭದ್ರಾವತಿಯಿಂದ ಮಗು ಥರ ತೊಡೆ ಮೇಲೆ ಇಟ್ಕೊಂಡು ಬಸ್ಸಲ್ಲಿ ಬರ್ತಿದ್ನಾ?"

ಅವನು ಈಗ ಸಿಪಿಯು ಕಡೆ ಸರಿಯಾಗಿ ನೋಡಿದ. ಅಜ್ಜಿಯ ಹಳೇ ಸೀರೆಯಲ್ಲಿ ಸುತ್ತಿದ್ದ ಡಬ್ಬಿ. ಹಣೆಗೆ ಆಯುಧಪೂಜೆಯ ಮೂರು ಗೆರೆ ವಿಭೂತಿ. ಫ್ಯಾನಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಒಣಗಿದ ಚೆಂಡುಹೂವಿನ ಎಸಳು. ತುಟಿಯ ತುದಿಗೆ ಬಂದ ನಗುವನ್ನು ಅವನು ನುಂಗಿಕೊಂಡ. ಅವಳು ಅದನ್ನು ನೋಡಿಬಿಟ್ಟಳು.

'ಬೈದಿದ್ದೂ ಅಲ್ಲದೆ ನಗ್ತಾನೆ ಬೇರೆ...'

ಶಿವಮೊಗ್ಗದ ದುರ್ಗಿಗುಡಿಯ ಓಣಿಯೊಂದರಲ್ಲಿ ಯುವರಾಜನ ಅಂಗಡಿ. ಕಂಪ್ಯೂಟರಿನಲ್ಲಿ ಕಳೆದುಹೋದದ್ದನ್ನು ಹುಡುಕಿ ಕೊಡುವುದು ಅವನ ಕೆಲಸ. ಊರಿನ ಎಷ್ಟೋ ಸ್ಟುಡಿಯೋಗಳ ಮಾನ ಉಳಿಸಿದವನು ಅಂತ ಅವನಿಗೆ ಹೆಸರಿತ್ತು. ಬೈಯದೆ ಮಾತ್ರ ಉಳಿಸುವುದಿಲ್ಲ ಎಂದೂ ಹೆಸರಿತ್ತು!

"ಏನು ಫೋಟೋ?"

"ನಿಶ್ಚಿತಾರ್ಥದ್ದು."

"ಯಾರ್ದು?"

"ನಂದೇ."

ಅವನ ಕೈಯ ಸ್ಕ್ರೂಡ್ರೈವರ್ ಒಂದು ಗಳಿಗೆ ನಿಂತು, ಮತ್ತೆ ತಿರುಗಿತು.

"ಅದರಲ್ಲಿ ನಮ್ಮಜ್ಜ, ಅಜ್ಜಿ ಒಟ್ಟಿಗೆ ಕೂತಿರೋ ಒಂದು ಫೋಟೋ ಇದೆ," ಎಂದಳು ಸುಶ್ಮಿತಾ. "ಅದು ಸಿಗ್ಲೇಬೇಕು."

"ಹೆಂಗೆ ಡಿಲೀಟ್ ಆಯ್ತು?"

"ಶಿಫ್ಟ್ ಒತ್ಕೊಂಡು ಡಿಲೀಟ್ ಒತ್ತಿದೆ."

"ಕೈ ತಪ್ಪಿ?"

"...ಹೂಂ."

ನಮ್ಮ ಹುಡುಗಿ ಸುಳ್ಳು ಹೇಳಿದ್ದು ಇಲ್ಲೇ. ಅವಳ ಕೈ ತಪ್ಪಿರಲಿಲ್ಲ.

ನಿಶ್ಚಿತಾರ್ಥವಾಗಿ ತಿಂಗಳು ತುಂಬುವುದರೊಳಗೆ ಅವಳ ಅಜ್ಜ ಏಕಾಂತಪ್ಪ ತೀರಿಕೊಂಡಿದ್ದರು. ಮಣ್ಣಿಗೆ ಬಂದಿದ್ದ ಗಂಡಿನ ಕಡೆಯ ಹಿರಿಯ ಹೆಂಗಸೊಬ್ಬರು, "ಈ ಹುಡುಗಿ ಕಾಲ್ಗುಣ ನಮ್ಮನೆಗೆ ಹೆಂಗಿರುತ್ತೋ" ಎಂದು ಎಲ್ಲರಿಗೂ ಕೇಳುವಂತೆ ಗೊಣಗಿದರು. ಗಂಡು ಪಕ್ಕದಲ್ಲೇ ನಿಂತಿದ್ದ. ತುಟಿ ಬಿಚ್ಚಲಿಲ್ಲ. ಕಾರ್ಯವೆಲ್ಲ ಮುಗಿದ ಮೇಲೆ ಸುಶ್ಮಿತಾ ಉಂಗುರ ವಾಪಸ್ ಕಳಿಸಿದಳು. ಅದೇ ಸಿಟ್ಟಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ನಿಶ್ಚಿತಾರ್ಥದ ಇಡೀ ಫೋಲ್ಡರನ್ನು ಒಂದೇ ಏಟಿಗೆ ಅಳಿಸಿ ಕೈ ತೊಳೆದುಕೊಂಡಳು.

ದಸರಾ ಮುಗಿದ ಮೇಲೆ ಅಜ್ಜಿ ಮಹಾಂತಮ್ಮ ಮೆಲ್ಲಗೆ ಕೇಳಿದ್ದರು. "ಸುಸ್ಮಿ, ನಿಮ್ಮಜ್ಜ ನನ್ ಕೈ ಹಿಡ್ಕೊಂಡಿದ್ದ ಫೋಟೋ ದೊಡ್ಡದು ಮಾಡ್ಸಿ ಕೊಡೆ. ಗೋಡೆಗೆ ಹಾಕ್ತೀನಿ."

ಆ ಫೋಟೋ! ಫೋಟೋಗ್ರಾಫರ್ ಹುಡುಗಾಟಕ್ಕೆ "ಹತ್ರ ಕೂತ್ಕೊಳ್ಳಿ ಅಜ್ಜ, ಜಗಳ ಆಡಿದೀರಾ?" ಅಂದಾಗ, ಯಾರೂ ಹೇಳದೆ ಅಜ್ಜ ಅಜ್ಜಿಯ ಕೈ ಹಿಡಿದು ತಮ್ಮ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಇಡೀ ಬಾಳಿನಲ್ಲಿ ಜನರ ಮುಂದೆ ಅವರು ಹೆಂಡತಿಯ ಕೈ ಹಿಡಿದದ್ದು ಅದೊಂದೇ ಸಲ. ಇಬ್ಬರೂ ಒಟ್ಟಿಗಿದ್ದ ಬೇರೆ ಫೋಟೋವೇ ಇರಲಿಲ್ಲ. ಆಲ್ಬಮ್ ಮಾಡಿಸುವ ಮೊದಲೇ ಸಂಬಂಧ ಮುರಿದಿತ್ತು. ಫೋಟೋಗ್ರಾಫರನ ಕ್ಯಾಮೆರಾ ಕಾರ್ಡು ಆಗಲೇ ಇನ್ನೆಷ್ಟೋ ಮದುವೆಗಳ ಊಟ ಮಾಡಿ ಬಂದಿತ್ತು.

ಇದೆಲ್ಲವನ್ನೂ ಗುರುತಿಲ್ಲದ ಗಂಡಸಿನ ಮುಂದೆ ಹೇಳಿಕೊಳ್ಳುವುದು ಹೇಗೆ? 'ಮದುವೆ ಮುರ್ಕೊಂಡ ಹುಡುಗಿ ಅಂತ ಇವನೂ ಒಂದು ಥರ ನೋಡ್ಲಿ ಅಂತಾನಾ? ಬೇಡ...'

"ಸಿಗುತ್ತಾ?" ಎಂದಷ್ಟೇ ಕೇಳಿದಳು.

ಅವಳ ದನಿಯಲ್ಲಿ ಏನು ಕೇಳಿಸಿತೋ, ಯುವರಾಜ್ ಮೆತ್ತಗಾದ. "ನೋಡಿ, ಡಿಲೀಟ್ ಅಂದ ತಕ್ಷಣ ಫೋಟೋ ಎಲ್ಲೂ ಹೋಗಲ್ಲ. ಮನೆ ಮುಂದೆ ಟು-ಲೆಟ್ ಬೋರ್ಡ್ ಬೀಳುತ್ತೆ, ಅಷ್ಟೇ. ಬಾಡಿಗೆಯವ್ರು ಒಳಗೇ ಇರ್ತಾರೆ. ಹೊಸಬ್ರು ಸಾಮಾನು ತಂದು ಹಾಕಿದಾಗ ಮಾತ್ರ ಅವ್ರು ಜಾಗ ಬಿಡ್ಬೇಕು."

"ನಾನು ಮೂರು ಮನೆ ಸಾಮಾನು ತಂದು ಹಾಕಿದೀನಿ..."

"ಹೂಂ. ಎಲ್ಲಿ ಹಾಕಿದೀರೋ ನೋಡೋಣ." ಈ ಸಲ ಅವನು ನಗು ಮುಚ್ಚಿಡಲಿಲ್ಲ.

* * *

ಕೆಲಸ ಅಂದುಕೊಂಡಷ್ಟು ಸುಲಭವಿರಲಿಲ್ಲ. ಹುಡುಕಿ ತೆಗೆದ ಫೋಟೋಗಳಿಗೆ ಹೆಸರು, ತಾರೀಖು ಒಂದೂ ಇರಲಿಲ್ಲ. ವರ್ಷಗಳ ಹಿಂದೆ ಅಳಿಸಿದ್ದೂ ಎದ್ದು ಬಂದಿತ್ತು. ಯಾವುದು ಬೇಕು, ಯಾವುದು ಬೇಡ ಎಂದು ಮನೆಯವರೇ ಕೂತು ಆರಿಸಬೇಕು.

ಸುಶ್ಮಿತಾ ಮಾಚೇನಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಅಕೌಂಟೆಂಟ್. ಕೆಲಸ ಬಿಟ್ಟ ಮೇಲೆ ಭದ್ರಾವತಿಯ ಬಸ್ ಹತ್ತಬೇಕಾದವಳು ಈಗ ಎದುರುಗಡೆಯ ಶಿವಮೊಗ್ಗದ ಬಸ್ ಹತ್ತತೊಡಗಿದಳು.

"ಇದು ಬೇಕಾ?" ಪರದೆಯ ಮೇಲೆ ಗುಲಾಬಿ ಹೂವು, ಕಾಫಿ ಲೋಟ, ಶುಭೋದಯ.

"ಬೇಡ. ಅಪ್ಪನ ವಾಟ್ಸಾಪ್ ಆಸ್ತಿ ಅದು."

"ಇದು?"

ಎಣ್ಣೆ ಸೋರುವ ಎರಡು ಜಡೆ, ಮುಖದ ತುಂಬ ಪೌಡರ್. ಹತ್ತನೇ ಕ್ಲಾಸಿನ ಸುಶ್ಮಿತಾ.

"ಅಯ್ಯೋ, ಅದನ್ನ ತೆಗೀರಿ!"

"ಪರ್ಮನೆಂಟ್ ಡಿಲೀಟ್ ಮಾಡ್ಲಾ?" ಅವನ ಮುಖ ಗಂಭೀರವಾಗಿತ್ತು. "ಮಾಡಿದ್ರೂ ನಾನು ಮತ್ತೆ ತೆಗೀತೀನಿ."

ಅವಳು ತಾನು ತಂದಿದ್ದ ಖಾರ ಮಂಡಕ್ಕಿಯ ಪೊಟ್ಟಣವನ್ನು ಅವನಿಗೆ ಸಿಗದಷ್ಟು ದೂರ ಎಳೆದುಕೊಂಡಳು. ಅವನು ಕುರ್ಚಿ ಸಮೇತ ಹತ್ತಿರ ಬಂದ. ಮಂಡಕ್ಕಿಗೇ ಬಂದನೋ, ಬೇರೆಯದಕ್ಕೋ... ಅದನ್ನು ಆ ಕುರ್ಚಿಯೇ ಹೇಳಬೇಕು.

"ಬೇಕಾದ್ದನ್ನ ಮೂರು ಕಡೆ ಇಡಿ," ಎಂದು ದಿನಾ ಪಾಠ ಹೇಳುತ್ತಿದ್ದ. "ಕಂಪ್ಯೂಟರಲ್ಲಿ ಒಂದು, ಪೆನ್‌ಡ್ರೈವಲ್ಲಿ ಒಂದು, ನಂಬಿಕಸ್ಥರ ಮನೇಲಿ ಒಂದು."

"ನಂಬಿಕಸ್ಥರು ಎಲ್ಲಿ ಸಿಗ್ತಾರೆ?"

ಅಷ್ಟರಲ್ಲಿ ಪರದೆಯ ಮೇಲೆ ನಿಶ್ಚಿತಾರ್ಥದ ಫೋಟೋ ಬಂದಿತ್ತು. ಹಸಿರು ಸೀರೆಯ ಸುಶ್ಮಿತಾ, ಪಕ್ಕದಲ್ಲಿ ಗಂಡು. ಯುವರಾಜ್ ಸರಕ್ಕನೆ ಮುಂದಿನದಕ್ಕೆ ಹೋದ. ಆ ಜೋಡಿ ಬಂದಾಗಲೆಲ್ಲ ಹಾಗೇ ಮಾಡುತ್ತಿದ್ದ, ಆಮೇಲೆ ಅವಳತ್ತ ತಿರುಗದೆ ಮೌಸ್ ಒತ್ತುತ್ತಿದ್ದ.

'ಇವನಿಗೆ ವಿಷಯ ಗೊತ್ತಾಗಿದೆ,' ಎಂದುಕೊಂಡಳು ಸುಶ್ಮಿತಾ. 'ಭದ್ರಾವತಿಯಲ್ಲಿ ಯಾರನ್ನ ಕೇಳಿದ್ರೂ ಹೇಳ್ತಾರೆ. ಅದಕ್ಕೇ ಮುಖ ತಿರುಗಿಸ್ತಾನೆ...' ಕೈಯಲ್ಲಿದ್ದ ಮಂಡಕ್ಕಿಯನ್ನು ಮತ್ತೆ ಪೊಟ್ಟಣಕ್ಕೇ ಹಾಕಿದಳು. ಆಗಲೇ ತಿಳಿದದ್ದು ಅವಳಿಗೆ, ಈ ಬೈಯುವ ಮನುಷ್ಯ ತನಗೆ ಬೇಕಾದವನಾಗಿಬಿಟ್ಟಿದ್ದಾನೆ ಎಂದು.

ಯುವರಾಜನ ಮನಸ್ಸಿನಲ್ಲಿ ಇದ್ದದ್ದೇ ಬೇರೆ. 'ಬೇರೆಯವನ ಹೆಂಡತಿ ಆಗೋಳು ಕಣೋ ಇವಳು,' ಎಂದು ಅವನು ತನ್ನನ್ನೇ ಬೈದುಕೊಳ್ಳುತ್ತಿದ್ದ.

ಬೈದುಕೊಂಡು ಸಾಕಾದ ಮೇಲೆ ಒಂದು ತೀರ್ಮಾನಕ್ಕೆ ಬಂದ. ಒಳ್ಳೆಯ ಮನಸ್ಸಿನಿಂದಲೇ ಬಂದ. ಆದರೆ ಆ ತೀರ್ಮಾನ ಇತ್ತಲ್ಲ... ಶತ್ರುವಿಗೂ ಬೇಡ!

ಮರುದಿನ ಸಂಜೆ ಅವಳು ಬಂದಾಗ ಕೌಂಟರಿನ ಮೇಲೆ ಬಣ್ಣದ ಕಾಗದ ಸುತ್ತಿದ ಒಂದು ಪೊಟ್ಟಣವಿತ್ತು.

"ನಿಮಗೇ. ಮದುವೆಗೆ ಅಂತ... ಮುಂಚೆನೇ ಕೊಡ್ತಿದೀನಿ."

ಅವಳು ಬಿಚ್ಚಿದಳು. ತೇಗದ ಬಣ್ಣದ ಚೆಂದದ ಫ್ರೇಮು. ಒಳಗೆ ಅವಳು, ಪಕ್ಕದಲ್ಲಿ ಉಂಗುರ ವಾಪಸ್ ಪಡೆದ ಆ ಗಂಡು. ಫೋಟೋದಲ್ಲಿ ಎಲ್ಲೂ ಒಂದು ಕಲೆ ಇಲ್ಲದಂತೆ ಯುವರಾಜನೇ ಕೂತು ಸರಿಮಾಡಿದ್ದು ಕಾಣುತ್ತಿತ್ತು.

ಸುಶ್ಮಿತಾಳ ಕಣ್ಣು ತುಂಬಿತು.

"ಇಷ್ಟು ಅಣಕಿಸ್ಬೇಕಿತ್ತಾ ನೀವು?"

"ಅಣಕ? ನಾನು..."

"ನಿಮ್ಮನ್ನ ಒಳ್ಳೆಯವ್ರು ಅಂದ್ಕೊಂಡಿದ್ದೆ."

ಅವನು ಕೌಂಟರ್ ಸುತ್ತಿ ಹೊರಗೆ ಬರುವಷ್ಟರಲ್ಲಿ ಅವಳು ಓಣಿಯ ತಿರುವಿನಲ್ಲಿ ಮರೆಯಾಗಿದ್ದಳು. ಸಿಟ್ಟಿನಲ್ಲಿ ಫ್ರೇಮು ಅವಳ ಕೈಯಲ್ಲೇ ಉಳಿದಿತ್ತು.

* * *

ಭದ್ರಾವತಿಯ ನ್ಯೂಟೌನಿನ ಮನೆಯಲ್ಲಿ ಮಹಾಂತಮ್ಮ ಆ ಫ್ರೇಮನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಫ್ರೇಮ್ ಗಟ್ಟಿಯಾಗಿದೆ ಕಣೆ. ಯಾಕೆ ಅಳ್ತೀಯ?"

"ಅವನಿಗೆ ಎಲ್ಲ ಗೊತ್ತಿದ್ದೂ ಹಿಂಗೆ ಮಾಡಿದಾನೆ ಅಜ್ಜಿ."

"ಎಲ್ಲ ಅಂದ್ರೆ? ಮದುವೆ ಮುರಿದಿದ್ದು ನೀನು ಹೇಳಿದ್ಯಾ?"

"...ಇಲ್ಲ."

"ಯಾವ ಫೋಟೋ ಬೇಕು ಅಂದೆ?"

"ನನ್ನ ನಿಶ್ಚಿತಾರ್ಥದ್ದು ಅಂದೆ."

"ಕೈ ತಪ್ಪಿ ಹೋಯ್ತು ಅಂದ್ಯೋ, ಬೇಕಂತಲೇ ತೆಗೆದೆ ಅಂದ್ಯೋ?"

ಸುಶ್ಮಿತಾ ಸೆರಗಿನಲ್ಲಿ, ಅದೂ ಅಜ್ಜಿಯ ಸೆರಗಿನಲ್ಲಿ, ಮೂಗು ಒರೆಸಿಕೊಂಡಳು.

"ಅಲ್ವೇ ಮಾರಾಯ್ತಿ, ಹಂಗಾದ್ರೆ ಅವನದ್ದೇನು ತಪ್ಪು? ಮದುವೆ ಹುಡುಗಿಗೆ ಮದುವೆ ಉಡುಗೊರೆ ಕೊಟ್ಟ." ಅಜ್ಜಿ ಸ್ವಲ್ಪ ಹೊತ್ತು ಮೊಮ್ಮಗಳ ಮುಖವನ್ನೇ ನೋಡಿದರು. "ಮುಖ ನೋಡಿದ್ರೆ ಇದು ಬರೀ ಫೋಟೋ ವಿಷಯ ಅಲ್ಲ ಅನ್ಸುತ್ತೆ. ಭಾನುವಾರ ನಾನೂ ಬರ್ತೀನಿ, ನಡಿ."

* * *

ಭಾನುವಾರ ಅಂಗಡಿ ಅರ್ಧ ಬಾಗಿಲು ತೆಗೆದಿತ್ತು. ಒಳಗೆ ಯುವರಾಜ್, ಗಡ್ಡ ಬೋಳಿಸಿಕೊಳ್ಳುವುದನ್ನೂ ಮರೆತು ಪರದೆಯ ಮುಂದೆ ಕೂತಿದ್ದ. ಅಜ್ಜಿಯ ಜೊತೆ ಒಳಗೆ ಬಂದ ಸುಶ್ಮಿತಾಳನ್ನು ನೋಡಿ ಎದ್ದು ನಿಂತ.

ಅವಳು ಬಸ್ಸಿನುದ್ದಕ್ಕೂ ಜೋಡಿಸಿಕೊಂಡು ಬಂದದ್ದನ್ನು ಒಂದೇ ಉಸಿರಿಗೆ ಹೇಳಿದಳು. "ಕೈ ತಪ್ಪಿ ಡಿಲೀಟ್ ಆಗಿದ್ದಲ್ಲ. ನಾನೇ ಮಾಡಿದ್ದು. ಆ ಸಂಬಂಧ ಮುರಿದಿದೆ... ನಾನೇ ಮುರಿದೆ. ನಿಮಗೆ ಹೇಳೋಕೆ ನಾಚಿಕೆ ಆಯ್ತು. ತಪ್ಪು ನಂದು."

ಯುವರಾಜ್ ಕುರ್ಚಿಗೆ ಕುಸಿದ.

"ಅಂದ್ರೆ... ನಾನು ನಿಮಗೆ ಕೊಟ್ಟಿದ್ದು..."

"ಹೂಂ. ಅವನನ್ನೇ. ಫ್ರೇಮ್ ಹಾಕ್ಸಿ."

ಅವನು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ಅಜ್ಜಿ ಮೊದಲು ನಕ್ಕರು. ಆಮೇಲೆ ಸುಶ್ಮಿತಾಳಿಗೂ ತಡೆಯಲಾಗಲಿಲ್ಲ.

"ಅಜ್ಜಿ, ನಿಮ್ಮ ಫೋಟೋ ಸಿಕ್ಕಿದೆ," ಎಂದ ಯುವರಾಜ್. ದನಿಯಲ್ಲಿ ಸಂತೋಷವಿರಲಿಲ್ಲ. "ಆದ್ರೆ ಪೂರ್ತಿ ಬಂದಿಲ್ಲ. ಏನು ಮಾಡಿದ್ರೂ..."

ಪರದೆಯ ಮೇಲೆ ಅಜ್ಜ ಕಾಣಿಸಿಕೊಂಡರು. ಪಕ್ಕದಲ್ಲಿ ತಲೆ ಬಗ್ಗಿಸಿದ ಅಜ್ಜಿ. ಎದೆಯಿಂದ ಕೆಳಗೆ ಬರೀ ಬೂದಿ ಬಣ್ಣ. ತೊಡೆಯೂ ಇಲ್ಲ, ಅದರ ಮೇಲಿನ ಕೈಗಳೂ ಇಲ್ಲ.

ತಾನು ಹಾಕಿದ ಮೂರು ಸಾಫ್ಟ್‌ವೇರುಗಳು ಎಲ್ಲಿ ಹೋಗಿ ಕೂತಿದ್ದವು ಎಂದು ಸುಶ್ಮಿತಾಳಿಗೆ ಈಗ ಗೊತ್ತಾಯಿತು. "ಅಜ್ಜಿ... ನನ್ನಿಂದಲೇ ಹೋಯ್ತು."

ಮಹಾಂತಮ್ಮ ಪರದೆಯ ಹತ್ತಿರ ಹೋಗಿ, ಬೂದಿ ಬಣ್ಣದ ಮೇಲೆ ಬೆರಳಿಟ್ಟರು.

"ಇಲ್ಲಿತ್ತು," ಅಂದರು.

"ಈಗೆಲ್ಲ ಎಐ ಬಂದಿದೆ ಅಜ್ಜಿ," ಎಂದ ಯುವರಾಜ್ ಅವಸರವಾಗಿ. "ಹೇಳಿದ್ರೆ ಕೆಳಗಿನ ಅರ್ಧ ಅದೇ ಬರೆದು ಕೊಡುತ್ತೆ. ಕೈ ಹಿಡ್ಕೊಂಡಿರೋ ಹಾಗೇ."

"ಯಾರ ಕೈ ಅದು?"

"ಅದು... ಯಾರ್ದೂ ಅಲ್ಲ."

"ಯಾರ್ದೋ ಕೈ ನಾನ್ಯಾಕಪ್ಪ ಹಿಡೀಲಿ?" ಅಜ್ಜಿಯ ಬೆರಳು ಮೇಲೆ ಸರಿದು ಏಕಾಂತಪ್ಪನವರ ಮುಖದ ಬಳಿ ನಿಂತಿತು. ಆ ಮುಖ ಕ್ಯಾಮೆರಾ ನೋಡುತ್ತಿರಲಿಲ್ಲ. ತುಟಿ ಬಿಗಿದು, ನಾಚಿಕೆಯಲ್ಲಿ ಎತ್ತಲೋ ನೋಡುತ್ತಿತ್ತು. "ನೋಡು, ಕೈ ಹಿಡ್ಕೊಂಡಿದ್ದು ಮುಖದಲ್ಲೇ ಗೊತ್ತಾಗುತ್ತೆ. ಅಷ್ಟು ಸಾಕು. ಕೆಳಗೇನಿತ್ತು ಅಂತ ನಂಗೆ ಗೊತ್ತು."

ಅಜ್ಜಿ ಕಣ್ಣೊರೆಸಿಕೊಂಡು ಕೈಚೀಲದಿಂದ ಆ ತೇಗದ ಬಣ್ಣದ ಫ್ರೇಮನ್ನು ತೆಗೆದರು. ಒಳಗೆ ಆ ಗಂಡು ಇರಲಿಲ್ಲ.

"ಇದಕ್ಕೆ ಹಿಡಿಸೋ ಹಂಗೆ ಪ್ರಿಂಟ್ ಹಾಕಪ್ಪ. ಸುಮ್ನೆ ಯಾಕೆ ಹಾಳು ಮಾಡೋದು?"

ಪ್ರಿಂಟರ್ ಕೆಲಸ ಮಾಡತೊಡಗಿತು. ಅಜ್ಜಿ ಅದರ ಮುಂದೆ ಸ್ಟೂಲು ಹಾಕಿಕೊಂಡು ಕೂತು, ಬೇಕಂತಲೇ ಇವರಿಗೆ ಬೆನ್ನು ಮಾಡಿದರು.

"ಆ ಫ್ರೇಮ್ ಕೊಟ್ಟ ದಿನ ನಾನು ಊಟನೇ ಮಾಡಿರ್ಲಿಲ್ಲ," ಎಂದ ಯುವರಾಜ್ ತಗ್ಗಿದ ದನಿಯಲ್ಲಿ.

"ಯಾಕೆ?"

"ಬೇರೆಯವನ್ನ ಮದುವೆ ಆಗೋ ಹುಡುಗಿ ದಾರಿ ನೋಡ್ತಾ ಕೂರ್ತೀನಲ್ಲ ದಿನಾ, ಅಂತ. ನೀವು ಇಷ್ಟ ಆಗಿಬಿಟ್ರಿ ಸುಶ್ಮಿತಾ. ಮೂರು ಸಾಫ್ಟ್‌ವೇರ್ ಅಂದ್ರಲ್ಲ, ಅವತ್ತೇ." ಗಂಟಲು ಸರಿ ಮಾಡಿಕೊಂಡ. "ಈಗ ದಾರಿ ನೋಡ್ಬಹುದಾ?"

ಅವಳ ಮುಖ ಕೆಂಪಗಾಯಿತು. "ಫೋಟೋ ಕೆಲಸ ಮುಗೀತಲ್ಲ. ಇನ್ನೇನಕ್ಕೆ ಬರ್ಲಿ?"

"ಎರಡು ಜಡೆ ಫೋಟೋ ಇನ್ನೂ ನನ್ ಹತ್ರನೇ ಇದೆ."

"ಹಂಗಾದ್ರೆ ಬರ್ಲೇಬೇಕು. ನಾಳೆನೂ ಬರ್ತೀನಿ... ನಾಡಿದ್ದೂ ಬರ್ತೀನಿ."

"ಸುಸ್ಮಿ, ನಿನ್ನ ಫೋನ್ ಕೊಡಿಲ್ಲಿ," ಎಂದರು ಅಜ್ಜಿ, ತಿರುಗಿ. "ಇಬ್ರೂ ಆ ಟೇಬಲ್ ಹಿಂದೆ ನಿಂತ್ಕೊಳ್ಳಿ. ಹತ್ರ ನಿಂತ್ಕೊಳ್ಳಿ, ಜಗಳ ಆಡಿದೀರಾ?"

ಇಬ್ಬರೂ ಕೌಂಟರಿನ ಹಿಂದೆ ನಿಂತರು. ಅಜ್ಜಿ ಫೋನನ್ನು ಆ ಕಡೆ ಈ ಕಡೆ ತಿರುಗಿಸುತ್ತಿದ್ದಾಗ, ಕೌಂಟರಿನ ಮರೆಯಲ್ಲಿ ಯುವರಾಜನ ಬೆರಳು ಅವಳ ಬೆರಳಿಗೆ ತಾಕಿ ಹೆದರಿ ಹಿಂದೆ ಸರಿಯಿತು. ಸುಶ್ಮಿತಾ ಅದನ್ನು ಹೋಗಲು ಬಿಡಲಿಲ್ಲ. ಇಡೀ ಕೈಯನ್ನೇ ಹಿಡಿದುಕೊಂಡಳು.

ಅಜ್ಜಿ ತೆಗೆದ ಫೋಟೋದಲ್ಲಿ ಇಬ್ಬರೂ ಎದೆಯವರೆಗೆ ಮಾತ್ರ ಬಂದಿದ್ದರು. ಯುವರಾಜ್ ತುಟಿ ಬಿಗಿದು ಎತ್ತಲೋ ನೋಡುತ್ತಿದ್ದ. ಮಹಾಂತಮ್ಮ ಅದನ್ನು ನೋಡಿದರು, ಅಜ್ಜನ ಫೋಟೋ ನೋಡಿದರು, ಮತ್ತೆ ಇವರಿಗೆ ಬೆನ್ನು ಮಾಡಿ ಸ್ಟೂಲಿನ ಮೇಲೆ ಕೂತರು.

"ಇದನ್ನ ಮೂರು ಕಡೆ ಇಡ್ತೀನಿ," ಎಂದ ಯುವರಾಜ್ ಮೆಲ್ಲಗೆ. ಹಿಡಿದ ಕೈ ಬಿಟ್ಟಿರಲಿಲ್ಲ.

"ಮೂರೂ ಕಡೆ ಹೋದ್ರೆ?"

"ಹೋಗ್ಲಿ ಬಿಡಿ. ಕೆಳಗೇನಿತ್ತು ಅಂತ ನಮಗೆ ಗೊತ್ತಲ್ಲ."