ಜಾಕಿಯ ಮೂತಿ ತೊಳೆದವನು

ನಮ್ಮ ಬಾವಿಕಟ್ಟೆಯ ಹಿಂದೆ ಐವನ್ ಕುಕ್ಕರಗಾಲಲ್ಲಿ ಕುಳಿತಿದ್ದ. ಒಂದು ಕೈಯಲ್ಲಿ ನಮ್ಮ ನಾಯಿ ಜಾಕಿಯ ಕುತ್ತಿಗೆ, ಇನ್ನೊಂದು ಕೈ ಅದರ ಬಾಯಿಯ ಹತ್ತಿರ.

ವಿಷ! ಜಾಕಿಗೆ ವಿಷ ಹಾಕುತ್ತಿದ್ದಾನೆ.

ಸಂಶಯ ಸುಮ್ಮನೆ ಬಂದದ್ದಲ್ಲ. ವರ್ಕಾಡಿ–ಹೊಸಂಗಡಿ ರೂಟಿನಲ್ಲಿ ಜೀಪ್ ಓಡಿಸುವ ಈ ಪಕ್ಕದ ಮನೆಯ ಪುಣ್ಯಾತ್ಮ ಎರಡು ವಾರದಿಂದ ಟ್ರಿಪ್ ಮುಗಿಸಿ ಬಂದವನೇ ಬೇಲಿಯ ಹತ್ತಿರ ಸುಳಿಯುತ್ತಿದ್ದ. ನಾನು ತಲೆಯೆತ್ತಿದರೆ ತೆಂಗಿನಮರ ನೋಡುತ್ತಿದ್ದ. ನಾನು ತಲೆ ತಗ್ಗಿಸಿದರೆ ಅವನ ಕಣ್ಣು ಮತ್ತೆ ನನ್ನ ಮೇಲೆಯೇ. ಜಾಕಿಗೆ ಬಿಸ್ಕತ್ತು ಬೇರೆ! ತನ್ನ ಕೋಳಿ ತಿಂದಿದೆಯೆಂದು ಅನುಮಾನವಿರುವ ನಾಯಿಗೆ ಯಾರಾದರೂ ಬಿಸ್ಕತ್ತು ಹಾಕುತ್ತಾರೆಯೇ?

ಅವನ ಅಮ್ಮ ವಿಲ್ಮಾ ಆಂಟಿಯ ಎರಡು ಹೇಂಟೆಗಳು ಆ ತಿಂಗಳು ಸತ್ತಿದ್ದವು. ಗಿಡುಗ ಒಯ್ಯಬಾರದೆಂದು ಎಲ್ಲರೂ ಮರಿಗಳಿಗೆ ಬಣ್ಣ ಹಾಕಿದರೆ, ಆಂಟಿ ದೊಡ್ಡ ಕೋಳಿಗಳನ್ನೂ ಬಿಡದೆ ಗುಲಾಬಿ ಬಣ್ಣದ ನೀರಲ್ಲಿ ಅದ್ದುತ್ತಿದ್ದರು. "ಮುಂಗುಸಿಯ ಕೆಲಸ" ಎಂದಿದ್ದ ಐವನ್. ನಮ್ಮ ಸೌದೆ ಕೊಟ್ಟಿಗೆಯಲ್ಲಿ ಗುಲಾಬಿ ಪುಕ್ಕ ಸಿಕ್ಕಿದ್ದರಿಂದ ಪಪ್ಪ ನಂಬಲಿಲ್ಲ. ಜಾಕಿಯ ಮೂತಿಯಲ್ಲಿ ಒಂದು ಚುಕ್ಕೆ ಬಣ್ಣವೂ ಇಲ್ಲವೆಂದು ನಾನು ಜಗಳವಾಡಿದ್ದೆ.

"ಇನ್ನೊಂದು ಕೋಳಿ ಹೋದರೆ ಈ ನಾಯಿ ಅನಂತಪುರಕ್ಕೆ" ಎಂದಿದ್ದರು ಪಪ್ಪ. ಅಲ್ಲಿನ ಒಂದು ಫ್ಯಾಕ್ಟರಿಯ ವಾಚ್‌ಮ್ಯಾನ್‌ಗೆ ನಾಯಿ ಬೇಕಿತ್ತಂತೆ. ಹಗಲೂ ರಾತ್ರಿ ಗೇಟಿಗೆ ಕಟ್ಟಿಹಾಕುತ್ತಾರೆ. ಕಣ್ಣು ಬಿಡುವ ಮೊದಲೇ ಮಾರ್ಗದ ಬದಿಯಲ್ಲಿ ಸಿಕ್ಕ ಮರಿಯನ್ನು ಇಂಕ್ ಫಿಲ್ಲರಿನಲ್ಲಿ ತೊಟ್ಟು ತೊಟ್ಟಾಗಿ ಹಾಲು ಕುಡಿಸಿ ಬದುಕಿಸಿದವಳು ನಾನು. ಹೇಗೆ ಕಳಿಸಲಿ?

"ಏಯ್! ಎಂತ ಹಾಕಿದೆ ಅದರ ಬಾಯಿಗೆ?"

ಐವನ್ ಬೆಚ್ಚಿಬಿದ್ದ. ಕಾಲು ತಾಗಿ ಪಕ್ಕದಲ್ಲಿದ್ದ ನೀರಿನ ಚೊಂಬು ಉರುಳಿತು.

"ಮೆಲ್ಲ ಮಾತಾಡು ಮಾರಾಯ್ತಿ! ಅಂಕಲ್ ಒಳಗಿದ್ದಾರೆ."

"ಕೈ ತೋರಿಸು."

ತೋರಿಸಿದ. ಎರಡೂ ಅಂಗೈ ಗುಲಾಬಿ. ಜಾಕಿಯ ಮೂತಿಯೂ ಅರ್ಧ ಗುಲಾಬಿ, ಅರ್ಧ ತೊಳೆದದ್ದು. ಕಟ್ಟೆಯ ಬದಿಯಲ್ಲಿ ಮೂರನೆಯ ಹೇಂಟೆ ಸತ್ತು ಬಿದ್ದಿತ್ತು.

"ಮುಂಗುಸಿ ಅಂದದ್ದು?"

"ಸುಳ್ಳು. ಮೂರೂ ಇವನೇ." ಅವನು ನೆಲ ನೋಡಿದ. "ಪ್ರತಿ ಸಲ ನಾನೇ ಮೂತಿ ತೊಳೆದೆ ಪ್ರೀಮಾ."

"ನಿನ್ನ ಅಮ್ಮನ ಕೋಳಿ ಅಲ್ವಾ! ನಿನಗೆ ಮಂಡೆ ಸರಿ ಉಂಟಾ?"

"ಸಂಜೆ ಇವನನ್ನು ಕರೀಲಿಕ್ಕೆ ನೀನು ಬೇಲಿಗೆ ಬರ್ತಿ. ಮಿಸ್ ಕಾಲ್ ಕೊಟ್ಟರೆ ತಿರುಗಿ ಮಾಡುದಿಲ್ಲ, ಜೀಪಲ್ಲಿ ಬಂದರೆ ಹಿಂದೆ ಕೂತ್ಕೊಳ್ತಿ. ಇವನು ಹೋದರೆ ನಿನ್ನನ್ನು ನಾನು ಎಲ್ಲಿ ನೋಡುದು?"

ಕೆನ್ನೆ ಬಿಸಿಯಾಯಿತು. ಸಂತೋಷಕ್ಕೋ ಸಿಟ್ಟಿಗೋ ತಿಳಿಯಲಿಲ್ಲ. ಬಾಯಿಗೆ ಬಂದದ್ದು ಸಿಟ್ಟು.

"ಬೆಪ್ಪ! ಮೊದಲ ಸಲವೇ ಹೇಳಿದ್ದರೆ ಕಟ್ಟಿ ಹಾಕ್ತಿದ್ದೆ. ಮುಚ್ಚಿಟ್ಟು ಮುಚ್ಚಿಟ್ಟು ನೀನೇ ಇವನಿಗೆ ಚಟ ಹಿಡಿಸಿದ್ದು!"

ಅವನ ಮುಖ ಬಾಡಿತು. ಅದು ಅವನಿಗೆ ಹೊಳೆದೇ ಇರಲಿಲ್ಲ. ನನಗೆ ಅಳು ಬಂತು. ಇನ್ನೊಮ್ಮೆ ತೊಳೆದರೆ ಜಾಕಿ ಇವತ್ತು ಉಳಿಯುತ್ತಿದ್ದ, ನಾಳೆ ಇನ್ನೊಂದು ಕೋಳಿ ಹಿಡಿಯುತ್ತಿದ್ದ. ನಾನೇ ಹೇಂಟೆಯನ್ನು ಎತ್ತಿಕೊಂಡು ಜಗಲಿಗೆ ನಡೆದೆ. ಐವನ್ ಜಾಕಿಯ ಬೆಲ್ಟ್ ಹಿಡಿದು ಹಿಂದೆಯೇ ಬಂದ.

"ಪಪ್ಪ, ಕೊಂದದ್ದು ಜಾಕಿಯೇ."

ಪಪ್ಪ ಪೇಪರ್ ಮಡಚಿದರು. "ಹಾಗಾದ್ರೆ ಆಯ್ತಲ್ಲ. ನಾಳೆ ಅನಂತಪುರ."

"ಬೇಡ ಅಂಕಲ್," ಐವನ್ ತೊದಲಿದ. "ಹಗಲು ಕಟ್ಟಿಯೇ ಇರಲಿ. ಕೋಳಿಗೂಡಿಗೆ ನಾನು ನೆಟ್ ಹೊಡೀತೇನೆ. ದಿನಾ ಸಂಜೆ ಹಗ್ಗ ಹಾಕಿ ಕೋಳಿಗಳ ಎದುರು ಕೂರಿಸ್ತೇನೆ. ಸುಮ್ಮನೆ ಕೂತರೆ ಬಿಸ್ಕತ್ತು, ಹಾರಿದರೆ ದೂರ ಎಳೆಯುದು. ಮೆಲ್ಲ ಮೆಲ್ಲ ಕಲೀತಾನೆ. ಅಮ್ಮನಿಗೆ ನಾನೇ ಹೇಳ್ತೇನೆ, ಸತ್ಯವನ್ನೇ."

ಪಪ್ಪ ಕನ್ನಡಕದ ಮೇಲಿಂದ ಅವನನ್ನು ನೋಡಿದರು. ಪೊಲೀಸರೂ ಹಾಗೆ ನೋಡಲಾರರು.

"ನಾಯಿ ನಮ್ಮದು, ಸತ್ತದ್ದು ನಿಮ್ಮ ಕೋಳಿ. ನಿನಗೆ ಇದರಲ್ಲಿ ಎಂತ ಲಾಭ?"

ಐವನ್‌ನ ಕಿವಿ ಕೆಂಪಾಯಿತು, ಮತ್ತೆ ತೆಂಗಿನಮರ ನೋಡತೊಡಗಿದ. ಇವನನ್ನು ನಂಬಿ ಕೂತರೆ ಈ ಜನ್ಮದಲ್ಲಿ ಆಗುವ ಕೆಲಸವಲ್ಲ.

"ನಾನು, ಪಪ್ಪ," ಎಂದೆ. "ಅವನಿಗೆ ನಾನು ಬೇಕು. ನನಗೂ ಅವನು ಬೇಕು."

ಒಳಗೆ ಮಮ್ಮಿಯ ಕೈಯಿಂದ ಏನೋ ಬಿದ್ದ ಸದ್ದಾಯಿತು. ಪಪ್ಪ ಜಾಕಿಯನ್ನು ನೋಡಿದರು, ಐವನ್‌ನನ್ನು ನೋಡಿದರು, ಮತ್ತೆ ಜಾಕಿಯನ್ನು.

"ಒಂದು ತಿಂಗಳು ನೋಡುವ," ಎಂದರು ಕೊನೆಗೆ. "ನಾಯಿಯನ್ನೂ, ಅವನನ್ನೂ."