ತಲೆ ಮೇಲೆ ಹೊತ್ತ ಹೆಂಟೆ

“ಆ ಹೆಂಟಿ ತಲಿ ಮ್ಯಾಲ ಇಡಬ್ಯಾಡ್ರಿ ವಕೀಲ್ರ,” ಎಂದಳು ರೇಣಮ್ಮ. “ಹೊಲದ ಮಣ್ಣು ಹೊತ್ತು ಗಡಿ ನಡದವ್ರು ಸುಳ್ಳಾಡಿದ್ರ, ಆ ಮಣ್ಣು ಅವ್ರನ್ನ ಬಿಡಂಗಿಲ್ಲ.”

ಹಣಮೇಶ ನಕ್ಕ. ರಾಯಚೂರಿನಿಂದ ಶಹಾಪುರಕ್ಕೆ ಬಂದು ಆರು ತಿಂಗಳಾಗಿತ್ತು. ಸಗರ ಹಳ್ಳಿಯ ಈ ಹೊಲದ ಗಡಿ ನೋಡಿ ವರದಿ ಕೊಡಲು ಸಿವಿಲ್ ಕೋರ್ಟು ಅವನನ್ನು ಕಮಿಷನರ್ ಆಗಿ ನೇಮಿಸಿತ್ತು. ಪಕ್ಕದ ಹೊಲದ ಅಯ್ಯಣ್ಣ ಗಡಿಯ ಬಾಂದಗಲ್ಲು ಕಿತ್ತು ರೇಣಮ್ಮನ ಹೊಲದೊಳಗೆ ಹುಗಿದು ಆರು ಗುಂಟೆ ನುಂಗಿದ್ದಾನೆ ಎಂಬುದು ಅವಳ ದಾವೆ. ಅವಳ ಬಾವಿ ಇದ್ದದ್ದು ಆ ಆರು ಗುಂಟೆಯಲ್ಲೇ. ಹಳೆಯ ನಕ್ಷೆಯನ್ನು ಗೆದ್ದಲು ತಿಂದಿದ್ದರಿಂದ ಕಲ್ಲು ನಿಂತಲ್ಲೇ ಗಡಿ.

“ನಿನ್ನ ಮಾಟ ಕೋರ್ಟಿನಾಗ ನಡಿಯಂಗಿಲ್ಲ ಬಿಡವ್ವಾ,” ಎಂದು ಹಣಮೇಶ ಕರಿ ಮಣ್ಣಿನ ಹೆಂಟೆಯನ್ನು ತಮಾಷೆಗೆ ನೆತ್ತಿಗಿಟ್ಟುಕೊಂಡ. ಕೈಬೀಸುತ್ತ ಕಲ್ಲಿನಿಂದ ಕಲ್ಲಿಗೆ ನಡೆದ.

“ಬಾಸಿಂಗ ಕಟ್ಟಿದ ಮದಲಿಂಗ ಹೊಂಟಾನ ನೋಡ್ರಿ,” ಎಂದು ಅಯ್ಯಣ್ಣನ ಕಡೆಯವರು ನಕ್ಕರು.

ಸರ್ವೇಯರ್ ಮುಜಫರ ನಗಲಿಲ್ಲ. ಹನ್ನೆರಡು ಹೆಜ್ಜೆ ಆಚೆ, ಅಯ್ಯಣ್ಣ ಹೊಸದಾಗಿ ಗಳೆ ಹೊಡೆದು ಉತ್ತಿದ್ದ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತು, ಇದ್ದಿಲ ಚೂರಿದ್ದ ಅಂಗೈ ಚಾಚಿದ. “ಬಾಂದಗಲ್ಲಿನ ಬುಡಕ್ಕ ಇದ್ದಿಲು ಹಾಕ್ತಾರ್ರಿ ಸಾಹೇಬ್ರ. ಇದ್ದಿಲು ಇಲ್ಲಿ ಅದಾವ. ಕಲ್ಲು ಅಲ್ಲಿ ಅದ.”

ಹಣಮೇಶ ನೋಡಿದ. ಕಲ್ಲಿನ ಬುಡದ ಮಣ್ಣು ಸಡಿಲವಾಗಿ ಹಸಿಯಾಗಿತ್ತು. ಆದರೆ ಬೆಳಿಗ್ಗೆ ಅವನ ಸೀನಿಯರ್ ವಕೀಲರು ಹೇಳಿ ಕಳಿಸಿದ್ದರು: “ಅಯ್ಯಣ್ಣ ನಮ್ಮ ಮನಿ ಮನಷ್ಯಾ. ಕಲ್ಲು ಇದ್ದಲ್ಲೇ ಇರ್ಲಿ.” ಅವರ ದಯೆಯಿಂದಲೇ ಅವರ ಕಚೇರಿಯಲ್ಲಿ ಕೂರಲು ಅವನಿಗೊಂದು ಕುರ್ಚಿ ಸಿಕ್ಕಿತ್ತು. ‘ಕಲ್ಲು ಹಳೆಯದು, ಕದಲಿಲ್ಲ’ ಎಂದು ಬರೆದು ಸಹಿ ಹಾಕಿದ. ಹೆಂಟೆಯನ್ನು ಬದುವಿಗೆ ಎಸೆದ.

ಭಾರ ಮಾತ್ರ ಇಳಿಯಲಿಲ್ಲ.

ತಲೆಗೆ ನೀರು ಹಾಕಿಕೊಂಡರೆ ಬಚ್ಚಲಲ್ಲಿ ಕಪ್ಪು ನೀರು ಹರಿಯಿತು. ಮರುದಿನವೂ ಹರಿಯಿತು. ಕೋಣೆಯಲ್ಲಿ ಹಾಳುಬಾವಿಯ ತಂಪು ವಾಸನೆ. ಮಲಗಿದರೆ ಕಿವಿಯೊಳಗೆ ಹುಡಿ ಜಾರುವ ಸರಸರ ಸದ್ದು. ವರದಿಯ ಪ್ರತಿ ತೆರೆದಾಗಲೆಲ್ಲ ಕೂದಲಿನಿಂದ ಮಣ್ಣಿನ ಹರಳುಗಳು ಉದುರಿ ಒಂದೇ ಸಾಲಿನ ಮೇಲೆ ನಿಲ್ಲುತ್ತಿದ್ದವು. ಯಾವ ಸಾಲೆಂದು ಅವನು ಓದಬೇಕಿರಲಿಲ್ಲ.

“ರೊಟ್ಟ್ಯಾಗ ಮಣ್ಣು ಅದ,” ಎಂದು ಖಾನಾವಳಿಯಲ್ಲಿ ರೇಗಿದ. ಖಾನಾವಳಿ ನಡೆಸುವ ದುರಗಮ್ಮ ಅದೇ ರೊಟ್ಟಿ ಮುರಿದು ತಿಂದಳು. “ರೊಟ್ಟ್ಯಾಗೇನಿಲ್ಲೋ ಯಪ್ಪಾ. ನಿನ್ನ ಬಾಯಿ ತೊಳಕೋ.”

ವರದಿಗೆ ರೇಣಮ್ಮ ತಕರಾರು ಸಲ್ಲಿಸಿದಳು. ಕಮಿಷನರನನ್ನೇ ಸಾಕ್ಷಿಕಟ್ಟೆಗೆ ಕರೆದರು. ಆ ಹೊತ್ತಿಗೆ ಅವನ ಕುತ್ತಿಗೆ ಬಾಗಿಹೋಗಿತ್ತು. ರೇಣಮ್ಮ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಅವಳ ಕಡೆ ನೋಡಲು ಅವನಿಗಾಗಲಿಲ್ಲ. ನಿಜ ಹೇಳಿಬಿಡಬೇಕು ಎಂದುಕೊಂಡ.

“ಸತ್ಯವನ್ನೇ ಹೇಳುತ್ತೇನೆ,” ಎಂದು ಪ್ರಮಾಣ ಮಾಡಿದ.

ರೇಣಮ್ಮನ ವಕೀಲೆ ಶಿವಲೀಲಾ ಕೇಳಿದಳು: “ಕಲ್ಲಿನ ಬುಡದ ಮಣ್ಣು ಹೇಗಿತ್ತು?”

ಬಾಯಿ ತೆರೆದ. ನಾಲಿಗೆ ಏಳಲಿಲ್ಲ. ಗಂಟಲಲ್ಲಿ ಏನೋ ಒದ್ದೆ. ಏರಿತು. ಹಲ್ಲಿನ ಹಿಂದೆ ತುಂಬಿತು. ಉಸಿರಿಲ್ಲ. ಫ್ಯಾನಿನ ಸದ್ದು ದೂರವಾಯಿತು. ಕಣ್ಣಿಗೆ ಕತ್ತಲೆ. ಕೈ ತಡಕಾಡಿತು. ಪೆನ್ನು ಸಿಕ್ಕಿತು.

ವರದಿಯ ಬೆನ್ನಿಗೆ ಬರೆದ: ‘ಕಲ್ಲು ಕಿತ್ತು ಹುಗಿದಿದ್ದಾರೆ. ಬುಡದ ಇದ್ದಿಲು ಹನ್ನೆರಡು ಹೆಜ್ಜೆ ಆಚೆ ಸಿಕ್ಕಿತ್ತು. ನನಗೆ ಗೊತ್ತಿತ್ತು.’

ಉಸಿರು ಬಂತು. ಕತ್ತು ನೆಟ್ಟಗಾಯಿತು. ಮಾತು ಮಾತ್ರ ಬರಲಿಲ್ಲ.

ನ್ಯಾಯಾಧೀಶರು ಎರಡು ಸಲ ಓದಿದರು. ವರದಿ ತಳ್ಳಿಹಾಕಿ, ಇದ್ದಿಲು ಸಿಕ್ಕ ಜಾಗದಿಂದ ಮರು ಅಳತೆ ಮಾಡಲು ಆದೇಶಿಸಿದರು.

ಕೋರ್ಟಿನ ಹೊರಗಿನ ನಲ್ಲಿಯ ಬಳಿ ಅವನು ಬಗ್ಗಿ ನಿಂತಿದ್ದಾಗ ರೇಣಮ್ಮ ತಂಬಿಗೆ ತುಂಬಿ ಕೊಟ್ಟಳು. “ಉಗುಳ್ರಿ.”

ಮುಕ್ಕಳಿಸಿ ಉಗುಳಿದ. ಕರಿ ಮಣ್ಣು. ಮತ್ತೊಮ್ಮೆ. ಮತ್ತೆ ಮಣ್ಣು, ಅದರಲ್ಲೊಂದು ಹತ್ತಿಯ ಬೇರು. ಇದು ಯಾವಾಗ ಮುಗಿಯುತ್ತದೆ ಎಂದು ಕೈಯಾಡಿಸಿ ಕೇಳಿದ.

“ನಾ ಏನೂ ಮಾಡಿಲ್ರಿ. ಹೊತ್ತವ್ರು ನೀವು,” ಎಂದಳು. “ಅಯ್ಯಣ್ಣಗ ಎಷ್ಟು ಗುಂಟಿ ಬರದು ಕೊಟ್ಟಿದ್ರಿ?”

ಹಣಮೇಶ ಆರು ಬೆರಳು ತೋರಿಸಿದ.

ರೇಣಮ್ಮ ನಲ್ಲಿ ತಿರುಗಿಸಿ ತಂಬಿಗೆಯನ್ನು ಮತ್ತೆ ಹಿಡಿದಳು. “ಆರು ಗುಂಟಿ ಮಣ್ಣು. ಅಷ್ಟೂ ಹೊರಗ ಬರಬೇಕ್ರಿ.”